ಬಲಗಡೆಯ ಮುಂದಿನ ಚಕ್ರ

ಆ ಶನಿವಾರವೂ ನಲ್ಲಿಯಲ್ಲಿ ನೀರು ಬರುವ ಮೊದಲೇ ಎದ್ದೆ. ಗುಂಡ್ಲುಪೇಟೆಯ ನಮ್ಮ ಬೀದಿಗೆ ಆಗ ದಿನ ಬಿಟ್ಟು ದಿನ ನೀರು. ಮೊದಲ ಎರಡು ಕೊಡ ತುಕ್ಕಿನ ಬಣ್ಣ, ಅದು ಗಿಡಗಳಿಗೆ. ಮೂರನೆಯ ಕೊಡದಿಂದ ಅಡುಗೆಗೆ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಮಗಳಿಗೆ ಎರಡು ಜಡೆ ಹಾಕಿ, ಶನಿವಾರದ ಬಿಳಿ ಶೂಗಳಿಗೆ ಸೀಮೆಸುಣ್ಣ ತಿಕ್ಕುತ್ತ ಕೂತಿದ್ದಾಗ ಹೊರಗಿನಿಂದ ಆ ಎರಡು ಮಾತು ಕೇಳತೊಡಗಿದವು.

"ಒತ್ತಿ ಅಣ್ಣ... ಬುಡಿ. ಒತ್ತಿ... ಬುಡಿ."

ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಮ್ಮ ಪಿಕಪ್ಪಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮೆಕ್ಯಾನಿಕ್ ಮಲಗಿದ್ದರು. ಕಾಣುತ್ತಿದ್ದದ್ದು ಅವರ ಎರಡು ಪಾದ ಮಾತ್ರ. ಮೇಲೆ ಸ್ಟೇರಿಂಗ್ ಹಿಡಿದು ಕೂತಿದ್ದ ನನ್ನ ಗಂಡ, ಅವರು ಹೇಳಿದಾಗ ಬ್ರೇಕ್ ಒತ್ತುತ್ತ, ಹೇಳಿದಾಗ ಬಿಡುತ್ತ, ಪೈಪಿನೊಳಗಿನ ಗಾಳಿ ಹೊರಹಾಕುವ ಕೆಲಸದಲ್ಲಿದ್ದರು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಗೆಲುವು ಕಂಡೆ.

ನಮ್ಮದು ಶಾಮಿಯಾನ ಮತ್ತು ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ವ್ಯವಹಾರ. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ಕಾಲ. ಅಲ್ಲಿಂದ ಇತ್ತ ಹಂಗಳದವರೆಗೆ ಮದುವೆ, ತಿಥಿ ಯಾವುದಿದ್ದರೂ ಕೊಪ್ಪರಿಗೆ ಕೌಳಿಗೆಗಳನ್ನು ಹೊತ್ತು ಓಡುತ್ತಿದ್ದದ್ದು ಆ ಪಿಕಪ್ಪೇ. ಅದು ನನ್ನ ಮದುವೆಗಿಂತ ಹಳೆಯದು. ಎಡಬಾಗಿಲನ್ನು ಸ್ವಲ್ಪ ಮೇಲೆತ್ತಿ ತಳ್ಳಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಬ್ರೇಕಂತೂ ಮೂರು ಸಲ ತುಳಿದರೆ ಒಂದು ಸಲ ಹಿಡಿಯುತ್ತಿತ್ತು. ಹದಿನೈದು ದಿನದ ಹಿಂದೆ ತೆರಕಣಾಂಬಿಯ ಹತ್ತಿರ ಕುರಿಮಂದೆ ಅಡ್ಡ ಬಂದಾಗ ಮೂರನೇ ತುಳಿತಕ್ಕೆ ಸಮಯವೇ ಸಿಗಲಿಲ್ಲ. ಇವರು ಗಾಡಿಯನ್ನು ಉತ್ತ ಹೊಲಕ್ಕೆ ಇಳಿಸಿಬಿಟ್ಟರು. ಮನೆಗೆ ಬಂದು ಊಟದ ತಟ್ಟೆ ಮುಂದೆ ಕೂತವರು ಅನ್ನ ಕಲಸಿ ಕಲಸಿ ಹಾಗೇ ಬಿಟ್ಟು ಎದ್ದರು.

ಆಮೇಲೆ ಮೆಕ್ಯಾನಿಕ್ ಹೇಳಿದ ಹಾಗೆ ಎಲ್ಲ ಆಯಿತು. ಮೈಸೂರಿನ ಗುಜರಿಯಿಂದ ಒಂದು ಬೂಸ್ಟರ್ ಬಂತು. ಎರಡು ದೋಸೆ ಕಾವಲಿಗಳನ್ನು ಮುಖಾಮುಖಿ ಮುಚ್ಚಿಟ್ಟಂತಿದ್ದ ಕಪ್ಪು ಡಬ್ಬ. ಅದಿದ್ದರೆ ಕಾಲು ಮೆಲ್ಲಗಿಟ್ಟರೂ ಬ್ರೇಕ್ ಜೋರಾಗಿ ಹಿಡಿಯುತ್ತದಂತೆ. ಜೊತೆಗೆ ನಾಲ್ಕೂ ಚಕ್ರಕ್ಕೆ ಹೊಸ ಲೈನರುಗಳು. ಡ್ರಮ್ಮಿನ ಒಳಗೆ ಕೂತು, ಅದನ್ನು ಉಜ್ಜಿ ನಿಲ್ಲಿಸುವ ಅರ್ಧಚಂದ್ರಾಕಾರದ ಎಂಟು ತುಂಡುಗಳು ಅವು. ಬುಧವಾರ ಸಂಜೆ ಪೇಪರಿನಲ್ಲಿ ಸುತ್ತಿಕೊಂಡು ಬಂದು ನಮ್ಮ ಹಜಾರದ ಮೂಲೆಯಲ್ಲಿ ಕೂತಿದ್ದವು.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ಅವರು ಭೀಮನಬೀಡಿನ ಕಡೆಯ ಬೇಸಾಯದ ಮನೆಯಿಂದ ಬಂದವರು. ಹೊಸ ಕಬ್ಬಿಣ ಮನೆಗೆ ಬಂದರೆ, ಅದು ಕುಡುಗೋಲಾಗಲಿ, ನೇಗಿಲ ಗುಳವಾಗಲಿ, ಒಂದು ರಾತ್ರಿ ದೇವರ ಮುಂದೆ ಇರಲೇಬೇಕು. ಹರಳೆಣ್ಣೆ ಸವರಿ, ಕುಂಕುಮವಿಟ್ಟು, ಹೂವೇರಿಸಿದ ಮೇಲೇ ಅದು ಕೆಲಸಕ್ಕೆ. ಗುರುವಾರ ಬೆಳಿಗ್ಗೆ ದೇವರ ಕೋಣೆ ಒರೆಸಲು ಹೋದಾಗ ಎರಡು ಲೈನರುಗಳು ಮಣೆಯ ಮೇಲೆ ಜೋಡಿಯಾಗಿ ಕೂತಿದ್ದವು. ಕಂದು ಬಣ್ಣದ ಮೈಯೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ತಲಾ ಒಂದು ಕುಂಕುಮದ ಬೊಟ್ಟು, ಒಂದು ಚೆಂಡುಹೂವು.

ಎಣ್ಣೆಯಿಂದ ಬ್ರೇಕಿಗೆ ಕೆಡುಕು ಎಂಬುದು ನನಗೂ ಗೊತ್ತಿರಲಿಲ್ಲ. ನನಗೆ ಹೆದರಿಕೆಯಾದದ್ದು ಬೇರೆಯದಕ್ಕೆ. ಹಿಂದಿನ ಆಯುಧಪೂಜೆಯಲ್ಲಿ ಅತ್ತೆ ಬಾನೆಟ್ಟಿನ ಮೇಲೆ ಕಾಯಿ ಒಡೆಯಲು ಹೋಗಿ ಮುಂದಿನ ಲೈಟು ಒಡೆದಿದ್ದರು. ಇವರು ಬೀದಿಯವರ ಎದುರಿಗೇ ಕೂಗಾಡಿದ್ದರು; ಅತ್ತೆ ಎರಡು ದಿನ ಬರೀ ಮಜ್ಜಿಗೆ ಕುಡಿದು ಕಳೆದಿದ್ದರು. ಮತ್ತೆ ಅದೆಲ್ಲ ಬೇಡವೆಂದು ನಾನು ಹೂವು ತೆಗೆದೆ, ಕುಂಕುಮ ಅಳಿಸಿದೆ, ಪೇಪರಿನಿಂದ ಎಣ್ಣೆ ಹೀರಿಸಿದೆ, ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ ಮಹಡಿಯ ಬಿಸಿಲಿಗಿಟ್ಟೆ. ಮಧ್ಯಾಹ್ನ ಅವು ಮೊದಲಿನಂತೆಯೇ ಕಂಡವು, ಸ್ವಲ್ಪ ಕಪ್ಪು ಅಷ್ಟೆ. ಪೇಪರಿನಲ್ಲಿ ಸುತ್ತಿ, ಹಜಾರದ ಮೂಲೆಯಲ್ಲಿ ಉಳಿದವುಗಳ ಜೊತೆ ಇಟ್ಟೆ. ಯಾರಿಗೂ ಹೇಳಲಿಲ್ಲ; ಪೂಜೆ ಮುಗಿಯಿತೆಂದು ಸುಮ್ಮನೆ ಎತ್ತಿಟ್ಟಿದ್ದೇನೆ ಎಂದು ಅತ್ತೆ ಅಂದುಕೊಂಡರು. ಕಾನ್ವೆಂಟಿನಲ್ಲಿ ಓದಿದವಳು ನಾನು. ಚೊಕ್ಕವಾಗಿ ಒರೆಸಿಟ್ಟರೆ ತಪ್ಪೂ ಹೋಯಿತು ಎಂದೇ ನನ್ನ ತಿಳಿವಳಿಕೆ. ಶುಕ್ರವಾರ ಮೆಕ್ಯಾನಿಕ್ ಬಂದು ಎಂಟನ್ನೂ ಜೋಡಿಸಿ ಡ್ರಮ್ ಮುಚ್ಚಿದರು.

ಶನಿವಾರ ಕೆಲಸ ಮುಗಿಸಿ ಗೋಣಿಚೀಲದಿಂದ ಎದ್ದ ಮೆಕ್ಯಾನಿಕ್ಕಿಗೆ ಕಾಫಿ ಕೊಟ್ಟೆ.

"ಈಗ ನೋಡಿ ಅಕ್ಕ, ರೋಡಲ್ಲಿ ಇರುವೆ ಬಂದ್ರೂ ನಿಂತ್ಕತದ," ಎಂದರು.

"ಯಾವುದಕ್ಕೂ ಒಂದು ಸಲ ಇಳಿಜಾರಲ್ಲಿ ನೋಡ್ಬುಡನ," ಎಂದರು ಇವರು. "ಬೆಟ್ಟ ಹತ್ತಿ ಇಳ್ಸುದ್ರೆ ಗೊತ್ತಾಯ್ತದೆ."

ಬೆಟ್ಟ ಎಂದರೆ ನಮಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದ ಅತ್ತೆ ಚೆಂಬು ಕೆಳಗಿಟ್ಟರು. "ಬೆಟ್ಟುಕ್ಕೆ ಓದ್ರೆ ನಾನೂ ಬತ್ತೀನಿ ಕಣ್ಲಾ ಮಗ. ಶನ್ವಾರ. ರಿಪೇರಿ ಆದ ಗಾಡಿ ಮೊದ್ಲು ದೇವ್ರುನ್ನ ನೋಡ್ಬೇಕು."

"ನಾನು ಓಯ್ತಿರೋದು ಬ್ರೇಕ್ ನೋಡಕೆ ಅವ್ವ."

"ನೀನು ಬ್ರೇಕ್ ನೋಡು, ನಾನು ದೇವ್ರುನ್ನ ನೋಡ್ತೀನಿ. ನಿಂಗೇನ್ ತೊಂದ್ರೆ?"

ಇವರು ನಕ್ಕರು. ಅತ್ತೆ ಹೊರಟರೆ ನಾನೂ ಹೊರಡಬೇಕು. ಪಕ್ಕದ ಮನೆಯಾಕೆಗೆ ಕೀಲಿಕೈ ಕೊಟ್ಟು, ಅರ್ಧ ದಿನದ ಶಾಲೆ ಮುಗಿಸಿ ಬರುವ ಮಗಳನ್ನು ನೋಡಿಕೊಳ್ಳಿ ಎಂದೆ.

ಕ್ಯಾಬಿನ್ನಿನಲ್ಲಿ ನಾನು ನಡುವೆ, ಅತ್ತೆ ಬಾಗಿಲ ಕಡೆ. ಊರೊಳಗೆ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಹಂಗಳಕ್ಕೆ ಮುಂಚೆ ರಸ್ತೆ ಖಾಲಿಯಿದ್ದ ಕಡೆ ಇವರು ಬೇಕೆಂದೇ ವೇಗವಾಗಿ ಓಡಿಸಿ ನಿಲ್ಲಿಸಿದರು. ಮತ್ತೆ ಓಡಿಸಿದರು, ನಿಲ್ಲಿಸಿದರು. ಮೂರನೇ ಸಲ ಗಾಡಿ ನಿಲ್ಲುವ ಮುಂಚೆ ಎಡಕ್ಕೆ ವಾಲಿತು. ಅತ್ತೆಯ ಭುಜ ನನಗೆ ತಾಗಿತು. ನಾಲ್ಕನೇ ಸಲ ಇನ್ನೂ ಜೋರಾಗಿ ಎಳೆಯಿತು. ಎಡಗಡೆಯ ಚಕ್ರ ಮಣ್ಣಿಗಿಳಿಯಿತು.

"ಹೊಸ ಲೈನರು. ಇನ್ನೂ ಕೂತ್ಕಬೇಕು," ಎಂದು ಇವರು ಸ್ಟೇರಿಂಗ್ ಸರಿಮಾಡಿಕೊಂಡರು.

ಆಗ ಕಿಟಕಿಯಿಂದ ಒಂದು ವಾಸನೆ ಬಂತು. ದೇವರ ದೀಪ ಆರಿದ ಮೇಲೆ ಬತ್ತಿಯಿಂದ ಏಳುವ ವಾಸನೆ. ಇವರ ಕಡೆಯಿಂದ, ಬಲಗಡೆಯಿಂದ ಬರುತ್ತಿತ್ತು. ಇವರಿಗೆ ಅದು ಯಂತ್ರದ ವಾಸನೆಯಷ್ಟೇ ಆಗಿರಬೇಕು. ಹಂಗಳದ ತಿರುವು ಹಿಡಿಯುತ್ತ ಖುಷಿಯಲ್ಲಿ ಮಾತಾಡತೊಡಗಿದರು. "ನೋಡವ್ವ, ನಿನ್ನೆ ಮೆಕ್ಯಾನಿಕ್ಕು ಲೈನರ್ ಮುಟ್ಟೋಕೆ ಮುಂಚೆ ಎರಡು ಸಲ ಸೋಪಾಕಿ ಕೈ ತೊಳ್ಕಂಡ. ಯಾಕಪ್ಪ ಮಡಿ ಅಂದೆ. ಒಂದು ತೊಟ್ಟು ಎಣ್ಣೆ ತಾಗಿದ್ರೂ ಬ್ರೇಕು ಹಿಡಿಯಕಿಲ್ಲ ಅಣ್ಣ, ಕಾದ ಮೇಲಂತೂ ಜಾರ್ತದೆ ಅಂದ. ಎರಡು ತುಂಡು ಯಾಕೋ ಕಪ್ಪಗಿದ್ವು, ಮೈಸೂರಲ್ಲಿ ಅಂಟು ಜಾಸ್ತಿ ಆಕವ್ರೆ ಅಂತ ಬೈಕೊಂಡು ಬಲಗಡೆ ಮುಂದಿನ ಚಕ್ರಕ್ಕೆ ಆಕ್ದ."

ಕಿಟಕಿಯಿಂದ ಬರುತ್ತಿದ್ದದ್ದು ಹರಳೆಣ್ಣೆಯ ವಾಸನೆ. ಪಕ್ಕದಲ್ಲಿ ಅತ್ತೆ ಬೆಟ್ಟ ಕಂಡಾಗ ಮುಗಿದಿದ್ದ ಕೈಗಳನ್ನು ಹಾಗೇ ಹಿಡಿದುಕೊಂಡಿದ್ದರು. ಹೆಬ್ಬೆರಳು ಮಾತ್ರ ಇನ್ನೊಂದು ಹೆಬ್ಬೆರಳನ್ನು ಉಜ್ಜುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಹಚ್ಚಿದ್ದು ಮಗನಿಗೆ ಗೊತ್ತಿಲ್ಲ ಎಂದು ಅವರು ಅಂದುಕೊಂಡಿದ್ದರು, ಒರೆಸಿದ್ದು ಯಾರಿಗೂ ಗೊತ್ತಿಲ್ಲ ಎಂದು ನಾನು.

ಹೇಳಬೇಕಾದ ಗಳಿಗೆ ಅದೇ. ಬೆಟ್ಟದ ಬುಡದ ಗೇಟಿನ ಬಳಿ ಗಾಡಿ ನಿಂತಾಗ, ಅರಣ್ಯ ಇಲಾಖೆಯ ಗಾರ್ಡು ನಂಬರ್ ಬರೆದುಕೊಳ್ಳುವಾಗ ಹೇಳಬಹುದಿತ್ತು. ಒರೆಸಿದ್ದೇನಲ್ಲ, ಬಿಸಿಲಿಗೂ ಇಟ್ಟಿದ್ದೆನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೇಟು ಎತ್ತಿದರು, ಏರು ಶುರುವಾಯಿತು.

ಹತ್ತುವಾಗ ಬ್ರೇಕಿನ ಕೆಲಸವಿಲ್ಲ. ಎಂಜಿನ್ ಏದುತ್ತಿತ್ತು. ಕೆಳಗೆ ಕಾಡು ಸಣ್ಣದಾಗುತ್ತ ಹೋಯಿತು. ಪ್ರತಿ ತಿರುವಿನಲ್ಲೂ ನಾನು ಹಿಂದಿರುಗಿ, ಇದನ್ನೇ ಇಳಿಯುವಾಗ ಹೇಗೆ ಕಾಣುತ್ತದೆ ಎಂದು ನೋಡುತ್ತಿದ್ದೆ. ಬಲಗಡೆ ಕಣಿವೆ ಇದ್ದದ್ದು ಇಳಿಯುವಾಗ ಎಡಕ್ಕೆ ಬರುತ್ತದೆ. ಒಂದು ಕಡೆ ಮಾತ್ರ ಕಣಿವೆಯಾಗಿದ್ದರೆ ಚೆನ್ನಾಗಿತ್ತು. ತಿರುವು ತಿರುವಿಗೂ ಅದು ಪಕ್ಕ ಬದಲಾಯಿಸುತ್ತಿತ್ತು.

ಮೇಲೆ ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ದರ್ಶನವಾಯಿತು. ಅತ್ತೆ ತೀರ್ಥ ತೆಗೆದುಕೊಂಡು ಗರ್ಭಗುಡಿಯ ಮುಂದೆ ನಿಂತೇ ಇದ್ದರು. ಹೊರಗೆ ಬಂದ ಮೇಲೆ ಇವರು ಕೀ ತಿರುಗಿಸುತ್ತ, "ಓಗನ್ವಾ?" ಎಂದರು.

"ನಾನು ನಡ್ಕಂಡ್ ಬತ್ತೀನಿ ಕಣ್ಲಾ," ಎಂದರು ಅತ್ತೆ.

"ಯಾನವ್ವ ನಿಂದು? ಆನೆ ಅವೆ ಕಾಡಲ್ಲಿ. ಹತ್ಕ ಸುಮ್ನೆ."

"ನಾನು ಹತ್ತಕಿಲ್ಲ. ನೀನೂ ಹತ್ಬೇಡ."

"ಅದ್ಯಾಕೆ?"

ಅತ್ತೆ ಬಲಗಡೆಯ ಚಕ್ರದ ಕಡೆ ನೋಡಿದರು. ನಾನು ನಡುವೆ ಬಂದೆ. "ರೀ, ಬಲಗಡೆ ಮುಂದಿನ ಚಕ್ರದ ಲೈನರಿಗೆ ಎಣ್ಣೆ ತಾಗಿದೆ. ನಾನು ತಾಗಿಸಿದೆ."

"ನೀನಾ? ನೀನ್ಯಾಕೆ ಎಣ್ಣೆ ಹಚ್ಚಿದೆ?"

ಸುಳ್ಳು ಅಷ್ಟೇ ದೂರ ಬಂದು ನಿಂತಿತು.

"ಅದ್ರ ಮಾತ್ ಕೇಳ್ಬೇಡ ಕಣ್ಲಾ," ಎಂದರು ಅತ್ತೆ. "ನಾನೇ ಕಣ ಹಚ್ಚಿದ್ದು. ಹರಳೆಣ್ಣೆ. ಕುಂಕುಮಾನೂ ಇಕ್ಕಿದ್ದೆ, ಹೂವೂ ಇಕ್ಕಿದ್ದೆ."

"ಕುಂಕುಮ ಇದ್ದಿದ್ರೆ ಮೆಕ್ಯಾನಿಕ್ಕಿಗೆ ಕಾಣ್ತಿರ್ನಿಲ್ವಾ?"

"ನಾನು ಒರೆಸಿಬಿಟ್ಟೆ," ಎಂದೆ.

ಇವರು ಇಬ್ಬರನ್ನೂ ಒಮ್ಮೆ ನೋಡಿದರು. ಕೂಗಾಡುತ್ತಾರೆ ಎಂದುಕೊಂಡೆ, ಕೂಗಲಿಲ್ಲ. ಹೋಗಿ ಬಲಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಗ್ಗಿ ಮೂಸಿದರು. ಎದ್ದು ಇಳಿಜಾರಿನ ಕಡೆ ಬಹಳ ಹೊತ್ತು ನೋಡಿದರು. ಡ್ರಮ್ ಬಿಚ್ಚಲು ಬೇಕಾದ ಸಾಮಾನು ಗಾಡಿಯಲ್ಲಿರಲಿಲ್ಲ. ಕೇರಳದಿಂದ ಬಂದಿದ್ದ ಒಂದು ಜೀಪಿನವರಲ್ಲಿ ಕೇಳಿದರು. ಅವರ ಬಳಿಯೂ ಇರಲಿಲ್ಲ. ಇಬ್ಬರು ಹೆಂಗಸರಿಗೆ ಬೇಕಾದರೆ ಜಾಗ ಮಾಡಿಕೊಡುತ್ತೇವೆ ಎಂದು ಅವರು ಅರ್ಧ ಮಲಯಾಳದಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದರು.

"ನೀವಿಬ್ರೂ ಅದ್ರಲ್ಲಿ ಓಗಿ," ಎಂದರು ಇವರು. "ನಾನು ಫಸ್ಟ್ ಗೇರಲ್ಲಿ ಇಳಿಸ್ಕಂಡು ಬತ್ತೀನಿ. ಹ್ಯಾಂಡ್ ಬ್ರೇಕ್ ಅದೆ."

ಮರುದಿನ ಬೇಗೂರಿನ ಕಡೆ ಒಂದು ಮದುವೆಗೆ ಪಾತ್ರೆ ಹೋಗಬೇಕಿತ್ತು. ಗಾಡಿ ಬಿಟ್ಟುಬಿಡಿ, ನಾಳೆ ಮೆಕ್ಯಾನಿಕ್ಕನ್ನೇ ಕರೆತರೋಣ ಎಂದು ನಾನು ಹೇಳಿದ್ದು ಅವರ ಕಿವಿಗೆ ಹೋಗಲಿಲ್ಲ. ಸಂಜೆಯ ಮೇಲೆ ಬೆಟ್ಟದ ಮೇಲೆ ಗಾಡಿ ನಿಲ್ಲಿಸಲು ಇಲಾಖೆಯವರೂ ಬಿಡುತ್ತಿರಲಿಲ್ಲ.

ಅತ್ತೆ ಜೀಪಿನ ಕಡೆ ನೋಡಲೇ ಇಲ್ಲ. ರಸ್ತೆ ಬದಿಗೆ ಹೋಗಿ, ಆರಿಸಿ, ರಾಗಿಕಲ್ಲಿನ ಮೇಲಿನ ಹೋಳಿನಷ್ಟು ದಪ್ಪದ ಒಂದು ಕಲ್ಲು ಎತ್ತಿ ಸೊಂಟಕ್ಕೆ ಇಟ್ಟುಕೊಂಡರು. ಎತ್ತಿನ ಗಾಡಿಯ ಕಾಲದ ಹೆಂಗಸು. ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡುವುದು ಯಾರೂ ಕಲಿಸಬೇಕಿರಲಿಲ್ಲ.

"ಯಾನ ನೋಡ್ತಾ ನಿಂತಿದಿಯೇ ಕೂಸೇ? ನೀನೊಂದು ಎತ್ಕ."

ನಾನೂ ಒಂದು ಎತ್ತಿಕೊಂಡೆ.

ಹಾಗೆ ಇಳಿದೆವು. ಗಾಡಿ ಮೊದಲ ಗೇರಿನಲ್ಲಿ ಗೊಣಗುತ್ತ ಆಮೆಯಂತೆ ಮುಂದೆ. ಎಡಚಕ್ರದ ಪಕ್ಕ ಅತ್ತೆ, ಬಲಚಕ್ರದ ಪಕ್ಕ ನಾನು. ಕಲ್ಲಿನ ಅಂಚು ನನ್ನ ಪಕ್ಕೆಗೆ ಒತ್ತುತ್ತಿತ್ತು. ಇವರು ಕಿಟಕಿಯಿಂದ ತಲೆ ಹೊರಹಾಕಿ, "ದೂರ ನಡೀರಿ, ಚಕ್ರುಕ್ಕೆ ಅಷ್ಟು ಹತ್ರ ಬರ್ಬೇಡಿ," ಎಂದು ಪದೇ ಪದೇ ಹೇಳುತ್ತಿದ್ದರು. ಜೀಪಿನವರು ನಮ್ಮನ್ನು ದಾಟುವಾಗ ಯಾರೋ ಕೈಮುಗಿದರು. ಪೊದೆಗಳಲ್ಲಿ ಏನು ಅಲುಗಿದರೂ ಆನೆ ಎನ್ನಿಸುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ನನಗೆ ಆನೆಯ ಭಯ ಇರಲಿಲ್ಲ. ಆ ಬಲಚಕ್ರದ ಮೇಲೆ ಅಂಟಿದ್ದ ಹಸಿ ಸಗಣಿಯ ಗುರುತು ಸುತ್ತಿ ಸುತ್ತಿ ಬರುವುದನ್ನೇ ನೋಡುತ್ತಿದ್ದೆ. ಅದು ನಿಧಾನ ಸುತ್ತುತ್ತಿದ್ದರೆ ನನ್ನ ಗಂಡ ಬದುಕಿದ್ದಾರೆ ಎಂದು.

ಅರ್ಧ ದಾರಿ ಕಳೆದಿತ್ತು. ಎಲ್ಲಕ್ಕಿಂತ ಕಡಿದಾದ ತಿರುವಿನ ತಲೆಯಲ್ಲಿ ಗೇರು ಕಳಚಿಕೊಂಡಿತು. ಕಟ್ ಎಂದು ಒಂದು ಸದ್ದು. ಎಂಜಿನ್ನಿನ ಗೊಣಗು ಹಗುರಾಯಿತು. ಸಗಣಿಯ ಗುರುತು ನನ್ನ ಕಣ್ಣಿನ ಮುಂದೆ ಓಡತೊಡಗಿತು.

"ಕಲ್ಲು!" ಎಂದು ಇವರು ಕೂಗಿದರು.

ನಾನು ಎಸೆದೆ. ನನ್ನ ಕಲ್ಲು ಚಕ್ರದ ಮುಂದೆ ಬೀಳಲೇ ಇಲ್ಲ, ಹಿಂದೆ ಬಿತ್ತು. ಗಾಡಿ ನನ್ನನ್ನು ದಾಟಿತು. ಹ್ಯಾಂಡ್ ಬ್ರೇಕ್ ಎಳೆದ ಕರಕರ ಕೇಳಿತು, ಅದೂ ಸಾಲದೆ ಇವರು ಕಾಲಿನ ಬ್ರೇಕನ್ನೇ ಒತ್ತಿದರು. ಬಲಚಕ್ರ ಜಾರಿತು, ಹೊಸ ಬೂಸ್ಟರಿನ ಬಲವೆಲ್ಲ ಎಡಕ್ಕೆ ಬಿದ್ದು ಗಾಡಿಯ ಮೂತಿ ಎಡಕ್ಕೆ ತಿರುಗಿತು. ಆ ತಿರುವಿನಲ್ಲಿ ಎಡಗಡೆ ಗುಡ್ಡವಿತ್ತು. ಒಂದು ತಿರುವು ಹಿಂದೆ ಆಗಿದ್ದರೆ ಎಡಗಡೆ ಏನೂ ಇರುತ್ತಿರಲಿಲ್ಲ. ಬಂಪರು ಮಣ್ಣಿನ ದಿಬ್ಬವನ್ನು ಕೆರೆದುಕೊಂಡು ಹೋಯಿತು, ಒಂದು ಹೆಡಿಗೆ ಮಣ್ಣು ಬಾನೆಟ್ಟಿನ ಮೇಲೆ ಬಿತ್ತು, ಗಾಡಿ ನಿಂತಿತು.

ನಾನು ಓಡಿಹೋಗುವಷ್ಟರಲ್ಲಿ ಅತ್ತೆ ಅಲ್ಲಿದ್ದರು. ಅರವತ್ತು ದಾಟಿದವರು ಹೇಗೆ ಮುಟ್ಟಿದರೋ. ಎಡಗಡೆಯ ಹಿಂದಿನ ಚಕ್ರದ ಮುಂದೆ ಕಲ್ಲು ಕೊಟ್ಟು, ಮಂಡಿಯೂರಿ, ಎರಡು ಕೈಗಳಿಂದ ಕಲ್ಲನ್ನು ಒತ್ತಿ ಹಿಡಿದಿದ್ದರು, ಅದು ತಮ್ಮ ಕೈಬಲದಿಂದಲೇ ನಿಂತಿದೆ ಎನ್ನುವಂತೆ.

ಇವರು ಇಳಿದು ಬಂದರು. ತುಟಿ ಬಿಳುಚಿಕೊಂಡಿತ್ತು. "ಅವ್ವ, ಕೈ ತೆಗಿ."

"ತೆಗೆಯಕಿಲ್ಲ."

"ಗಾಡಿ ನಿಂತದೆ ಅವ್ವ. ಕೈ ತೆಗಿ."

"ನೀನ್ ಮೊದ್ಲು ಆ ಕಡಿಕ್ ನಿಂತ್ಕ. ಆಮೇಲೆ ತೆಗೀತೀನಿ."

ಇವರು ಹೋಗಿ ಆ ಕಡೆ, ನನ್ನ ಪಕ್ಕ, ನಿಂತುಕೊಂಡರು. ಅತ್ತೆ ಆಮೇಲೆಯೇ ಕೈ ತೆಗೆದು, ರಸ್ತೆಯಲ್ಲೇ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಇವರು ಬೆರಳಿನಿಂದ ಅತ್ತೆಯ ಅಂಗೈಗೆ ಅಂಟಿದ್ದ ಹರಳುಗಳನ್ನು ಒಂದೊಂದೇ ತೆಗೆದರು.

ಉಳಿದ ದಾರಿಗೆ ಗೇರಿನ ಕಡ್ಡಿ ಕಳಚದಂತೆ ಅತ್ತೆಯ ಶಾಲಿನಿಂದ ಬಿಗಿದು ಕಟ್ಟಿದರು. ಗೇಟಿನ ಗಾರ್ಡು ನಮ್ಮನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. "ಆನೆ ಓಡಾಡೋ ದಾರಿ ಇದು ಅಮ್ಮ. ವಾಕಿಂಗ್ ಮಾಡ್ತಿದ್ದೀರಾ ಕಲ್ಲು ಎತ್ಕಂಡು?" ಅತ್ತೆ ಕಲ್ಲನ್ನು ಅವನ ಕುರ್ಚಿಯ ಪಕ್ಕ ಮೆಲ್ಲಗೆ ಇಟ್ಟರು.

ಅಲ್ಲಿಂದ ಸಮತಟ್ಟು ರಸ್ತೆ; ಗಾಡಿ ಹತ್ತಿ ನಿಧಾನಕ್ಕೆ ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಮೆಕ್ಯಾನಿಕ್ ಬಂದು ಬಲಡ್ರಮ್ ಬಿಚ್ಚಿದರು. ಲೈನರುಗಳು ಎಣ್ಣೆ ಒಸರಿ ಗಾಜಿನಂತೆ ಹೊಳೆಯುತ್ತಿದ್ದವು. ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು.

"ಅವ್ವಾರು ಎಣ್ಣೆ ಹಚ್ಚುದ್ರು, ಸರಿ ಅಕ್ಕ, ಅವ್ರಿಗೆ ಗೊತ್ತಿಲ್ಲ. ಕುಂಕುಮ ಇದ್ದಿದ್ರೆ ನಾನು ನೋಡ್ದೇಟ್ಗೆ ಅಲ್ಲೇ ಬಿಸಾಕ್ತಿದ್ದೆ. ನೀವು ಅಷ್ಟು ನೀಟಾಗಿ ಒರೆಸ್ಬುಟ್ರಲ್ಲ."

ನಾನು ತಲೆಯಾಡಿಸಿದೆ. ಈ ಮಾತನ್ನು ಬೆಟ್ಟದ ಮೇಲಿನಿಂದಲೇ ನನಗೆ ನಾನು ಹೇಳಿಕೊಂಡು ಬಂದಿದ್ದೆ; ಈಗ ಬೇರೆಯವರ ಬಾಯಲ್ಲೂ ಕೇಳಿದೆ. ಇವರು ಮೈಸೂರಿನ ಬಸ್ಸಿಗೆ ಹೊರಟರು, ಅಂಗಡಿ ಮುಚ್ಚುವುದರೊಳಗೆ ಎರಡು ಹೊಸ ಲೈನರು ತರಲು. ಬೀದಿ ತಿರುಗುವ ಮುನ್ನ ನಿಂತು, "ಅವ್ವನಿಗೆ ಬಿಸಿನೀರು ಕೊಡು, ಕಾಲು ನೋಯ್ತಿರ್ತದೆ," ಎಂದರು.

ಅತ್ತೆ ಜಗಲಿಯ ಮೇಲೆ ಬಕೆಟ್ಟಿನ ಬಿಸಿನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು. ನಾನು ಅವರ ಹಿಮ್ಮಡಿ ಉಜ್ಜುತ್ತಿದ್ದೆ. ಪಕ್ಕದ ಮನೆಯಾಕೆ ನನ್ನ ಮಗಳನ್ನು ಕರೆತಂದು ಬಿಟ್ಟು, ಬಾಗಿಲಿಗೆ ಒರಗಿ ನಿಂತಳು.

"ಯಾನ ದೊಡ್ಡವ್ವ, ಅತ್ತೆ ಸೊಸೆ ಇಬ್ರೂ ಕಲ್ಲು ಹೊತ್ಕಂಡು ಬೆಟ್ಟ ಇಳುದ್ರಂತೆ? ಹಂಗಳದ ಬಸ್ಸಲ್ಲಿ ಬಂದವ್ರು ಹೇಳುದ್ರು. ಗಾಡಿ ಇದ್ರೂ ನಡ್ದಿದಿರಿ ಅಂದ್ರೆ, ಭಾರಿ ಹರಕೇನೇ ಇರ್ಬೇಕು ಬುಡಿ."